ಪೌತಿ ಖಾತೆ ನೋಟಿಸು ವಿಚಾರಣೆ ಮುಗಿದ ಮೇಲೆ ಕೈಸೇರಿತು: ಅಂಚೆಯ ಈ ಸ್ಥಿತಿಗೆ ಹೊಣೆ ಯಾರು?

ತೋಟದಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ನಾಪೋಕ್ಲು ಆಚೆ, ಬೆಟ್ಟದ ಕಡೆ. ಅಪ್ಪ ತೀರಿಕೊಂಡ ಮೇಲೆ ಎರಡು ಎಕರೆ ಕಾಫಿ ತೋಟಕ್ಕೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಲು ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದ್ದೆವು. ವಿಚಾರಣೆಗೆ ಬನ್ನಿ ಎಂದು ಕಂದಾಯ ಕಚೇರಿಯಿಂದ 2025ರ ಜುಲೈಯಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿದ್ದಾರೆ. ಅದು ನಮ್ಮ ಕೈಗೆ ಬರುವಾಗ ವಿಚಾರಣೆ ಮುಗಿದು ಒಂದು ವಾರ ಆಗಿತ್ತು. ಅರ್ಜಿದಾರರು ಹಾಜರಾಗಿಲ್ಲ ಎಂದು ಬರೆದು ಕಡತ ಮುಚ್ಚಿಬಿಟ್ಟಿದ್ದಾರೆ.

ಆ ಲಕೋಟೆಯನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮುಂಭಾಗದಲ್ಲಿ ಬಾರ್‌ಕೋಡ್ ಚೀಟಿ ಇದೆ. ಅಮ್ಮನ ಹೆಸರಿನ ಕೊನೆಯ ಎರಡಕ್ಷರ ಮಳೆಗೆ ಕದಡಿಹೋಗಿದೆ. ಹಿಂಭಾಗದಲ್ಲಿ ಎರಡು ಮೊಹರು. ಮೊದಲನೆಯದು ಸಬ್ ಪೋಸ್ಟಾಫೀಸಿನದು, ಕಳಿಸಿದ ಮೂರನೇ ದಿನದ ತಾರೀಕು ಎದ್ದು ಕಾಣುತ್ತದೆ. ಎರಡನೆಯದು ನಮ್ಮೂರ ಬ್ರಾಂಚ್ ಆಫೀಸಿನದು, ತಾರೀಕು ಅದಾಗಿ ಎರಡು ವಾರಕ್ಕೂ ಮೇಲಿನದು. ಅಂದರೆ ಬೇರೆ ಊರಿಂದ ಸಬ್ ಆಫೀಸಿನವರೆಗೆ ಕಾಗದ ಮೂರು ದಿನದಲ್ಲಿ ಬಂದಿದೆ. ಅಲ್ಲಿಂದ ನಮ್ಮೂರಿಗೆ ಆರು ಕಿಲೋಮೀಟರೂ ಇಲ್ಲ, ಆ ದಾರಿಗೆ ಹದಿನೈದು ದಿನ ಹಿಡಿದಿದೆ.

ನಮ್ಮ ಬ್ರಾಂಚಿನ ಹಳೆಯ ಪೋಸ್ಟ್‌ಮಾಸ್ಟರ್ ನಿವೃತ್ತರಾದ ಮೇಲೆ ಬಯಲುಸೀಮೆಯ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಹುಡುಗ, ಆದರೆ ಮಳೆಗಾಲ ಕಂಡು ಬಿಟ್ಟುಹೋದ. ಈಗ ಪಕ್ಕದ ಊರಿನ ಬ್ರಾಂಚಿನಾಕೆಯೇ ಎರಡನ್ನೂ ನೋಡಿಕೊಳ್ಳುತ್ತಾರೆ. ಬಾಗಿಲು ದಿನ ಬಿಟ್ಟು ದಿನ ತೆಗೆಯುತ್ತದೆ. ಕರೆಂಟು ಹೋದ ದಿನ ಅದೂ ಇಲ್ಲ.

ಹುತ್ತರಿ ಹಬ್ಬಕ್ಕೆ ನೆಂಟರೆಲ್ಲ ಸೇರಿದ್ದಾಗ ಈ ವಿಷಯಕ್ಕೆ ದೊಡ್ಡ ವಾದವೇ ಆಯಿತು. ನಮ್ಮ ಭಾವ ಹೇಳುವುದು, ಕೇಂದ್ರ ಇಷ್ಟೆಲ್ಲ ಹೊಸ ವ್ಯವಸ್ಥೆ ತಂದಿದೆ, ಕೆಲಸ ಮಾಡುವವರಿಗೆ ಮನಸ್ಸಿಲ್ಲ ಅಂತ. ಚಿಕ್ಕಪ್ಪ ಹೇಳುವುದು, ಸುಧಾರಣೆ ಎನ್ನುವುದೆಲ್ಲ ಹಳ್ಳಿ ಅಂಚೆಯನ್ನು ಸೊರಗಿಸಿ ಖಾಸಗಿ ಕೊರಿಯರ್‌ಗಳಿಗೆ ದಾರಿ ಬಿಡಲಿಕ್ಕೇ ಅಂತ. ಕಂದಾಯ ಕಚೇರಿಗೆ ಹೋದರೆ, ನಾವು ಕಳಿಸಿದ್ದೇವೆ, ರಸೀದಿ ಇದೆ, ನಮ್ಮ ಕೆಲಸ ಮುಗಿಯಿತು ಎನ್ನುತ್ತಾರೆ. ಸಬ್ ಆಫೀಸಿನಲ್ಲಿ ಕೇಳಿದರೆ, ಬ್ರಾಂಚಿಗೆ ಜನ ಇಲ್ಲ, ನಾವೇನು ಮಾಡೋಣ ಎನ್ನುತ್ತಾರೆ. ಆ ಬ್ರಾಂಚಿನಾಕೆಯನ್ನು ಕೇಳಲು ನನಗೇ ಬಾಯಿ ಬರಲಿಲ್ಲ. ಜೋರು ಮಳೆಯಲ್ಲಿ ಮಗುವನ್ನು ಮನೆಯಲ್ಲಿ ಬಿಟ್ಟು ಎರಡು ಊರಿನ ಬ್ಯಾಗು ಹೊರುತ್ತಾರೆ.

ನನಗೆ ತಿಳಿಯಬೇಕಾದದ್ದು ಎರಡು. ಈ ತಡಕ್ಕೆ ಕಾನೂನಿನ ಪ್ರಕಾರ ಯಾರು ಉತ್ತರ ಕೊಡಬೇಕು? ಮತ್ತೆ, ಪಕ್ಷದ ಮಾತು ಬದಿಗಿಟ್ಟು, ಇದನ್ನು ಸರಿ ಮಾಡುವ ಅಧಿಕಾರ ನಿಜವಾಗಿ ಯಾರ ಕೈಯಲ್ಲಿದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

---

ಕುಶಾಲನಗರ ವ್ಯಾಪಾರಿ:

ಅಕ್ಕಾ, ನಿಮಗೆ ಅನ್ಯಾಯ ಆಗಿರುವುದು ನಿಜ. ಆದರೆ ಆ ಸಿಟ್ಟನ್ನು ಸುಧಾರಣೆಯ ಮೇಲೆ ಹಾಕುವುದು ಸರಿಯಲ್ಲ. ನಾನು ಕಾಫಿಪುಡಿ, ಕರಿಮೆಣಸು, ಜೇನು ಪಾರ್ಸೆಲ್ ಮಾಡಿ ಕಳಿಸುವವನು. ಎಷ್ಟೋ ಹಳ್ಳಿಗಳ ಪಿನ್‌ಕೋಡ್ ಹೇಳಿದರೆ ಕೊರಿಯರ್‌ನವರು ಆಗಲ್ಲ ಎನ್ನುತ್ತಾರೆ. ಅಲ್ಲಿಗೆಲ್ಲ ಹೋಗುವುದು ಅಂಚೆ ಒಂದೇ. ಅದು ಉಳಿಯಬೇಕು ಎನ್ನುವುದರಲ್ಲಿ ನಿಮಗಿಂತ ನಾನು ಒಂದು ಹೆಜ್ಜೆ ಮುಂದೆ.

ಸ್ಪೀಡ್ ಪೋಸ್ಟ್ 1986ರಿಂದ ಇದೆ. ಅದಕ್ಕೊಂದು ದಾರಿ, ರಿಜಿಸ್ಟರ್ಡಿಗೆ ಇನ್ನೊಂದು ದಾರಿ ಎಂದು ಎರಡನ್ನು ಸಾಕಿಕೊಂಡು ಬಂದದ್ದೇ ದಂಡ. 2025ರಲ್ಲಿ ಎರಡನ್ನೂ ಒಂದು ಮಾಡಿದ್ದಾರೆ. ಈಗ ಕಾಗದ ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡಬಹುದು, ಬೇಕಾದರೆ ಒಟಿಪಿ ಹೇಳಿದರೆ ಮಾತ್ರ ಕೈಗೆ ಕೊಡುವಂತೆ ಮಾಡಬಹುದು. ನಿಮ್ಮ ನೋಟಿಸು ಹೊಸ ಪದ್ಧತಿಯಲ್ಲಿ ಬಂದಿದ್ದರೆ ಎಲ್ಲಿ ಕೂತಿದೆ ಎಂದು ಅಂದೇ ತಿಳಿಯುತ್ತಿತ್ತು. ಪೋಸ್ಟ್ ಕಾರ್ಡಿಗೆ ಇನ್ನೂ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ ತೆಗೆದುಕೊಂಡು ಇಲಾಖೆ ಎಷ್ಟು ದಿನ ನಡೆದೀತು? ದರ ಏರಿಸಿದರೂ ಬೈಗುಳ, ಏರಿಸದಿದ್ದರೆ ನಷ್ಟ ಎಂದು ಬೈಗುಳ.

ಎರಡು ವಾರ ಆ ಲಕೋಟೆ ಯಾರದೋ ಮೇಜಿನ ಮೇಲೆ ಇತ್ತು. ಅವರನ್ನು ಹಿಡಿದು ಕೇಳಿ. ದೆಹಲಿಯವರು ಬಂದು ನಿಮ್ಮೂರಿನ ಬ್ಯಾಗು ಬಿಚ್ಚಲಿಕ್ಕೆ ಆಗುತ್ತದೆಯೇ?

---

ಹಳೇ ಬಿಪಿಎಂ:

ತಂಗೀ, ನಾನು ಇದೇ ಜಿಲ್ಲೆಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ (ಬಿಪಿಎಂ) ಆಗಿದ್ದು 65 ತುಂಬಿ ಹೊರಗೆ ಬಂದವನು. ನಾನು ಸೇರಿದ ಕಾಲದಲ್ಲಿ ನಮ್ಮನ್ನು ಈ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಎನ್ನುತ್ತಿದ್ದರು, ಈಗ ಗ್ರಾಮೀಣ ಡಾಕ್ ಸೇವಕ ಎನ್ನುತ್ತಾರೆ. ವ್ಯಾಪಾರಿಗಳ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ಮೊದಲು ಬ್ಯಾಗಿನ ದಾರಿ ಹೇಳುತ್ತೇನೆ. ಕೊಡಗಿಗೆ ರೈಲಿಲ್ಲ. ದೂರದ ಟಪಾಲು ಮೈಸೂರಿಗೆ ಬಂದು ಅಲ್ಲಿಂದ ರಸ್ತೆಯಲ್ಲೇ ಘಟ್ಟ ಹತ್ತಬೇಕು. ಮಡಿಕೇರಿ ಹೆಡ್ಡಾಫೀಸು, ಸಬ್ ಆಫೀಸು, ಆಮೇಲೆ ಬ್ರಾಂಚು. ಸಬ್ ಆಫೀಸಿನವರೆಗೆ ವಾಹನ ಇದೆ, ಸಂಬಳದ ನೌಕರರು ಇದ್ದಾರೆ. ಅಲ್ಲಿಂದ ಮುಂದೆ ಬ್ಯಾಗು ಹೊರುವುದು ಎಬಿಪಿಎಂ, ಅಂದರೆ ಸಹಾಯಕ ಬ್ರಾಂಚ್ ಪೋಸ್ಟ್‌ಮಾಸ್ಟರ್, ತನ್ನ ಬೈಕಿನಲ್ಲಿ ಇಲ್ಲವೇ ಕಾಲ್ನಡಿಗೆಯಲ್ಲಿ. ನಾಪೋಕ್ಲು ಮೂರ್ನಾಡು ರಸ್ತೆಯಲ್ಲಿ ಬೊಳಿಬಾಣೆ ಹತ್ತಿರ ಹೊಳೆ ನೀರು ಏರಿದರೆ ಆ ಕಡೆಯ ಬ್ಯಾಗು ಆ ದಿನ ಹೋಗುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಇಳಿದುಬಂದಾಗ ಏನಾಗಿತ್ತೆಂದು ಇಲ್ಲಿ ಎಲ್ಲರಿಗೂ ನೆನಪಿದೆ. ಆದರೆ ತಂಗಿಯ ಲಕೋಟೆ ಕೂತದ್ದು ಮಳೆಗಲ್ಲ. ಹೊರುವವರಿಲ್ಲದೆ ಕೂತದ್ದು.

ಹೊರುವವರು ಯಾಕಿಲ್ಲ? ಈ ಕೆಲಸದ ಷರತ್ತುಗಳನ್ನು ಓದಿ ನೋಡಿ. ದಿನಕ್ಕೆ ನಾಲ್ಕು ಗಂಟೆ ಅಥವಾ ಐದು ಗಂಟೆಯ ಲೆಕ್ಕ. ಬಿಪಿಎಂ ಆದವರು ಅಂಚೆ ಕಚೇರಿಗೆ ಜಾಗವನ್ನೂ ತಾವೇ ಒದಗಿಸಬೇಕು. ನನ್ನ ಮನೆಯ ಚಾವಡಿಯ ಅರ್ಧ ಭಾಗ ಅಷ್ಟು ವರ್ಷವೂ ಭಾರತ ಸರ್ಕಾರದ ಕಚೇರಿ. ಇನ್ನೊಂದು ಷರತ್ತು ಬಹಳ ಜನಕ್ಕೆ ಗೊತ್ತಿಲ್ಲ. ಸೇರುವವರು ಜೀವನಕ್ಕೆ ಬೇರೆ ಆದಾಯ ಇದೆ ಎಂದು ಬರೆದುಕೊಡಬೇಕು. ಇದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಇಲಾಖೆಯೇ ಒಪ್ಪಿ ಕೊಡುವ ಕೆಲಸ ಇದು. ನಮ್ಮ ಭತ್ಯೆ, ಷರತ್ತುಗಳನ್ನು ನೋಡಲು ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿ ವರದಿ ಕೊಟ್ಟದ್ದು 2016ರ ನವೆಂಬರಿನಲ್ಲಿ. ಅದು ಜಾರಿಗೆ ಬರಲು 2018ರ ಮೇ 22ರಿಂದ ದೇಶವಿಡೀ ಮುಷ್ಕರ ಕೂರಬೇಕಾಯಿತು. ಆಮೇಲೆ ನಿಗದಿಯಾದ ಮೂಲ ಭತ್ಯೆ ನಾಲ್ಕು ಗಂಟೆಯ ಬಿಪಿಎಂಗೆ ತಿಂಗಳಿಗೆ 12,000 ರೂಪಾಯಿ, ಎಬಿಪಿಎಂಗೆ 10,000. ಐದು ಗಂಟೆಯದಾದರೆ 14,500 ಮತ್ತು 12,000. ಮೇಲೆ ತುಟ್ಟಿಭತ್ಯೆ ಉಂಟು, ಇಲಾಖೆಯ ನೌಕರರಿಗೆ ಸಿಗುವಂಥ ಪಿಂಚಣಿ ಇಲ್ಲ. ಹತ್ತನೇ ತರಗತಿಯ ಅಂಕ ನೋಡಿ ಆನ್‌ಲೈನಿನಲ್ಲಿ ಆಯ್ಕೆ ಮಾಡುತ್ತಾರೆ. ಹೆಚ್ಚು ಅಂಕದ ಹುಡುಗ ಎಲ್ಲಿಂದಲೋ ಬರುತ್ತಾನೆ. ಅವನಿಗೆ ಇಲ್ಲಿ ಬಾಡಿಗೆ ಮನೆ ಸಿಗದು, ತೋಟವೂ ಇಲ್ಲ, ಗದ್ದೆಯೂ ಇಲ್ಲ. ಬೇರೆ ಆದಾಯ ಎನ್ನುವ ಷರತ್ತು ಅವನ ಪಾಲಿಗೆ ಬರೀ ಕಾಗದ. ಅವನು ಹೋದದ್ದರಲ್ಲಿ ತಪ್ಪೇನಿದೆ?

ಇನ್ನು ಹೊಸ ವ್ಯವಸ್ಥೆ. 2017ರ ಕೊನೆಯಲ್ಲಿ ದರ್ಪಣ್ ಎಂದು ಕೈಯಲ್ಲಿ ಹಿಡಿಯುವ ಯಂತ್ರ ಬಂತು. 2025ರ ಮೇ, ಜೂನ್‌ನಲ್ಲಿ ಎಪಿಟಿ ಎಂಬ ಹೊಸ ತಂತ್ರಾಂಶವನ್ನು ದೇಶದಲ್ಲೇ ಮೊದಲು ನಮ್ಮ ಕರ್ನಾಟಕ ಅಂಚೆ ವೃತ್ತದಲ್ಲಿ ಪ್ರಯೋಗಕ್ಕೆ ಇಳಿಸಿದರು. ಮುಂಗಾರು ಹಿಡಿಯುವ ತಿಂಗಳು. ನಾನು ತಂತ್ರಜ್ಞಾನ ಬೇಡ ಎನ್ನುವವನಲ್ಲ. ನಮ್ಮ ಪಕ್ಕದ ಬ್ರಾಂಚಿನ ಹುಡುಗ ಸಿಗ್ನಲ್ ಹುಡುಕಿಕೊಂಡು ಮೋರಿ ಕಟ್ಟೆಯವರೆಗೆ ನಡೆದು, ಕೊಡೆಯ ಹಿಡಿಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಮೊಬೈಲ್ ಪರದೆಯನ್ನು ಅಂಗಿಯಲ್ಲಿ ಒರೆಸುತ್ತ ಒಂದೊಂದೇ ಬಾರ್‌ಕೋಡ್ ಸ್ಕ್ಯಾನ್ ಮಾಡುವುದನ್ನು ಕಂಡಿದ್ದೇನೆ. ನೆಟ್‌ವರ್ಕ್ ಇಲ್ಲದ ಕಡೆ ಟ್ರ್ಯಾಕಿಂಗ್ ಕೊಟ್ಟರೆ ಕಾಗದ ತಡವಾಗಿದೆ ಎಂಬ ಸುದ್ದಿಯಷ್ಟೇ ಬೇಗ ಸಿಗುತ್ತದೆ. ಕಾಗದ ಬೇಗ ಬರುವುದಿಲ್ಲ. ರಿಜಿಸ್ಟರ್ಡ್ ಹೋಗಿ ಸ್ಪೀಡ್ ಪೋಸ್ಟ್ ಬಂದರೂ ಕೊನೆಯ ಆರು ಕಿಲೋಮೀಟರಿಗೆ ಅದೇ ಬ್ಯಾಗು, ಅದೇ ಮನುಷ್ಯ. ಮನುಷ್ಯ ಇದ್ದರೆ.

ಇದರ ಮೇಲೆ ಟಾರ್ಗೆಟ್. ತಿಂಗಳಿಗೆ ಇಷ್ಟು ಉಳಿತಾಯ ಖಾತೆ, ಇಷ್ಟು ಗ್ರಾಮೀಣ ಅಂಚೆ ವಿಮೆ, ಪೇಮೆಂಟ್ಸ್ ಬ್ಯಾಂಕಿಗೆ ಇಷ್ಟು ಜನ. ನನ್ನ ಕೊನೆಯ ವರ್ಷಗಳಲ್ಲಿ ಮೇಲಿನವರು ಫೋನ್ ಮಾಡಿದರೆ ಎಷ್ಟು ಖಾತೆ ತೆರೆದಿರಿ ಎಂದೇ ಕೇಳುತ್ತಿದ್ದರು. ಬಟವಾಡೆ ಆಗದೆ ಎಷ್ಟು ಕಾಗದ ಉಳಿದಿದೆ ಎಂದು ಕೇಳಿದವರಿಲ್ಲ.

ಪಕ್ಷದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮಂಥವರದು ಸಿವಿಲ್ ಹುದ್ದೆಯೇ ಎಂದು ಸುಪ್ರೀಂ ಕೋರ್ಟು ರಾಜಮ್ಮ ಪ್ರಕರಣದಲ್ಲಿ 1977ರಲ್ಲೇ ಹೇಳಿತ್ತು. 2011ರಲ್ಲಿ ಯುಪಿಎ ಕಾಲದಲ್ಲಿ ಬಂದ ನಿಯಮಾವಳಿ ನಮ್ಮನ್ನು ಕೇಂದ್ರದ ಸಿವಿಲ್ ಸೇವೆಯಿಂದ ಹೊರಗೇ ಇಟ್ಟಿತು. ಆಮೇಲೆ ಬಂದವರೂ ಒಳಗೆ ಸೇರಿಸಲಿಲ್ಲ. ಹಾಗಾಗಿ ಹೊಣೆ ಯಾರದು ಎಂದರೆ ನನ್ನ ಉತ್ತರ ಇಷ್ಟೇ: ಹುದ್ದೆ ತುಂಬುವ ಅಧಿಕಾರ, ಭತ್ಯೆ ನಿಗದಿ ಮಾಡುವ ಅಧಿಕಾರ ಯಾರಲ್ಲಿದೆಯೋ ಅವರದು. ಅದು ಕೇಂದ್ರ ಸರ್ಕಾರ ಮತ್ತು ಇಲಾಖೆ. ಇವತ್ತು ಅಧಿಕಾರದಲ್ಲಿ ಇರುವವರೇ ಇವತ್ತಿನ ಉತ್ತರ ಕೊಡಬೇಕು. ಎರಡು ಊರಿನ ಬ್ಯಾಗು ಹೊರುವ ಆ ಹೆಣ್ಣುಮಗಳ ಮೇಲೆ ಕ್ರಮ ಆಗಲಿ ಎನ್ನುವವರಿಗೆ ನಾನು ಎಂದೂ ಕೈಜೋಡಿಸುವುದಿಲ್ಲ. ಆಕೆಯೂ ಬಿಟ್ಟರೆ ಎರಡು ಬ್ರಾಂಚೂ ಮುಚ್ಚುತ್ತವೆ.

---

ಸಿದ್ದಾಪುರದವ:

ರಾಜ್ಯ ಸರ್ಕಾರವನ್ನು ಯಾರೂ ಮುಟ್ಟುತ್ತಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಯ ಅಜ್ಜಿಯರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ಮೊದಲು ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಕೈಗೆ ಕೊಡುತ್ತಿದ್ದರು. ಈಗ ಆಧಾರ್ ಜೋಡಿಸಿದ ಖಾತೆಗೆ ನೇರ ಹೋಗುತ್ತದೆ. ಖಾತೆ ಇರುವ ಊರಿಗೆ ಹೋಗಿ ಬರಲು ಆ ಅಜ್ಜಿಗೆ ಒಂದು ದಿನ ಹಾಳು, ಜತೆಗೆ ಬರುವ ಮಗನ ಕೂಲಿಯೂ ಹೋಯಿತು. ಮನಿಯಾರ್ಡರಿನಲ್ಲಿ ಕೆಲವು ಕಡೆ ಹಣ ಮುರಿದುಕೊಳ್ಳುತ್ತಿದ್ದರು ಎಂಬ ದೂರು ಇದ್ದದ್ದು ನಿಜ, ಅದಕ್ಕೆ ಮದ್ದು ಬೇಕಿತ್ತು. ಆದರೆ ಆ ಮನಿಯಾರ್ಡರುಗಳೇ ಎಷ್ಟೋ ಬ್ರಾಂಚುಗಳಿಗೆ ಕೆಲಸ ಕೊಟ್ಟಿದ್ದವು. ಇದು ಬೆಂಗಳೂರಿನಲ್ಲಿ ಆದ ತೀರ್ಮಾನ, ದೆಹಲಿಯದ್ದಲ್ಲ.

---

ಕೋರ್ಟುರಸ್ತೆ:

ತೋಟದಮನೆ ಮೇಡಂ, ನೀವು ಕೇಳಿದ ಕಾನೂನಿನ ಭಾಗಕ್ಕೆ ಉತ್ತರಿಸುತ್ತೇನೆ.

ಅಂಚೆ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ. ನಮ್ಮ ಇಬ್ಬರು ಶಾಸಕರನ್ನು ಕೇಳಿ ಪ್ರಯೋಜನ ಇಲ್ಲ, ಮೈಸೂರು ಕೊಡಗು ಸಂಸದರನ್ನು ಕೇಳುವುದು ಸರಿಯಾದ ದಾರಿ. ಹಳೆಯ 1898ರ ಅಂಚೆ ಕಾಯ್ದೆ ಹೋಗಿ 2023ರ ಕಾಯ್ದೆ ಬಂದಿದೆ, 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 10ನೇ ಕಲಮು ಓದಿ. ಇಲಾಖೆ ತಾನೇ ನಿಯಮದಲ್ಲಿ ಒಪ್ಪಿಕೊಂಡಷ್ಟು ಬಿಟ್ಟರೆ ಸೇವೆಯ ವಿಷಯದಲ್ಲಿ ಹೊಣೆ ಹೊರುವುದಿಲ್ಲ. ನೌಕರನೂ ವಂಚನೆಯಿಂದಲೋ ಬೇಕೆಂದೋ ತಡ ಮಾಡಿದರೆ ಮಾತ್ರ ಹೊಣೆ. ಸಂಸತ್ತಿನಲ್ಲಿ ವಿರೋಧ ಪಕ್ಷದವರು ಇದನ್ನು ಪ್ರಶ್ನಿಸಿದ್ದರು. ಹಾಗೆಂದು ಇದು ಇವತ್ತು ಹುಟ್ಟಿದ ಕಲಮಲ್ಲ. ಬ್ರಿಟಿಷರ ಕಾಯ್ದೆಯ 6ನೇ ಕಲಮಿನಲ್ಲೂ ಇದೇ ಇತ್ತು. ನೂರಿಪ್ಪತ್ತೈದು ವರ್ಷ ಕಳೆದು ಹೊಸದಾಗಿ ಬರೆಯುವಾಗಲೂ ಅದನ್ನು ಹಾಗೆಯೇ ಉಳಿಸಿಕೊಂಡರು ಎನ್ನುವುದೇ ನನ್ನ ಆಕ್ಷೇಪ.

ಹಾಗಾಗಿ ಪರಿಹಾರದ ಹಣಕ್ಕೆ ಓಡಾಡಬೇಡಿ. ನಿಮಗೆ ಬೇಕಾದದ್ದು ಖಾತೆ. ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನಂತೆ ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಮಾಡಿದ ಕಾಗದ ಮಾಮೂಲಿ ಸಮಯದಲ್ಲಿ ಮುಟ್ಟಿದೆ ಎಂದೇ ಕಾನೂನು ಭಾವಿಸುತ್ತದೆ. ಕಂದಾಯ ಕಚೇರಿಯವರು ನಿಂತಿರುವುದು ಇದರ ಮೇಲೆ. ಆದರೆ ವಿರುದ್ಧ ರುಜುವಾತು ಕೊಟ್ಟರೆ ಆ ಭಾವನೆ ಬಿದ್ದುಹೋಗುತ್ತದೆ. ನಿಮ್ಮ ರುಜುವಾತು ಆ ಲಕೋಟೆಯ ಹಿಂಭಾಗ. ಎರಡೂ ಬದಿಯ ಜೆರಾಕ್ಸ್ ತೆಗೆದಿಡಿ, ಮೂಲವನ್ನು ಯಾರಿಗೂ ಕೊಡಬೇಡಿ. ಕಡತ ಮುಚ್ಚಿದ್ದಷ್ಟೇ ಆಗಿದ್ದರೆ ಹೊಸ ಅರ್ಜಿ ಹಾಕಿ, ಅದಕ್ಕೆ ಇದನ್ನು ಲಗತ್ತಿಸಿ. ಬೇರೆಯವರ ಹೆಸರಿಗೆ ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶ ಆಗಿದ್ದರೆ ಭೂ ಕಂದಾಯ ಕಾಯ್ದೆಯ 136(2)ರಲ್ಲಿ ಮಡಿಕೇರಿ ಎಸಿ (ಉಪವಿಭಾಗಾಧಿಕಾರಿ) ಅವರ ಮುಂದೆ ಮೇಲ್ಮನವಿ. ಆದೇಶ ನಿಮಗೆ ತಿಳಿದ ದಿನದಿಂದ 60 ದಿನ ಅವಧಿ. ಇದನ್ನು ಮುಂದೂಡಬೇಡಿ.

ಅಂಚೆಗೆ ಪ್ರತ್ಯೇಕ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ವಿಭಾಗದ ಅಂಚೆ ಸೂಪರಿಂಟೆಂಡೆಂಟರಿಗೆ ಆರ್‌ಟಿಐ ಹಾಕಿ. ನಮ್ಮ ಬ್ರಾಂಚಿನ ಹುದ್ದೆ ಯಾವ ದಿನದಿಂದ ಖಾಲಿ, ತುಂಬಲು ಏನು ಮಾಡಿದ್ದೀರಿ, ಇಂಥ ಬಾರ್‌ಕೋಡ್ ಸಂಖ್ಯೆಯ ಕಾಗದ ಯಾವ ದಿನ ಯಾವ ಬ್ಯಾಗಿನಲ್ಲಿ ಹೋಯಿತು ಎಂದು ಕೇಳಿ. ನೌಕರರ ಹೆಸರು ಹಾಕದೆ ಕೇಳಬಹುದು. ಉತ್ತರ ಬಂದ ಮೇಲೆ ಅಂಚೆಯ ದೂರು ಕೇಳುವ ಡಾಕ್ ಅದಾಲತ್ತಿನಲ್ಲಿ ಇಡಿ.

---

ಕುಶಾಲನಗರ ವ್ಯಾಪಾರಿ:

ಹಿರಿಯರು ಬರೆದ ಭತ್ಯೆಯ ಲೆಕ್ಕ ಓದಿದೆ. ಆ ಹೆಣ್ಣುಮಗಳ ಮೇಲೆ ಕ್ರಮ ಎಂಬ ಮಾತನ್ನು ಮುಂದುವರಿಸುವುದಿಲ್ಲ. ಆದರೆ ಹುದ್ದೆ ಖಾಲಿ ಬಿಟ್ಟದ್ದು ಬೇರೆ, ಸ್ಪೀಡ್ ಪೋಸ್ಟಿಗೆ ಸೇರಿಸಿದ್ದು ಬೇರೆ. ಎರಡನ್ನೂ ಒಂದೇ ಗೋಣಿಗೆ ತುಂಬಬೇಡಿ. ವಿಲೀನ ಒಳ್ಳೆಯದೇ ಎಂದು ಈಗಲೂ ಹೇಳುತ್ತೇನೆ.

---

ತೋಟದಮನೆ:

ಎಲ್ಲರೂ ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ಋಣಿ. ಕೋರ್ಟುರಸ್ತೆ ಸರ್, ಬೇರೆ ಯಾರ ಹೆಸರಿಗೂ ಆದೇಶ ಆಗಿಲ್ಲ, ಹೊಸ ಅರ್ಜಿ ಬರೆದು ಇಟ್ಟಿದ್ದೇನೆ. ಆರ್‌ಟಿಐ ಕೂಡ ಈ ವಾರವೇ ಹೋಗುತ್ತದೆ.

ವ್ಯಾಪಾರಿ ಅಣ್ಣ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಸಣ್ಣ ಕಾಗದ ರಿಜಿಸ್ಟರ್ಡ್ ಮಾಡಲು ಮೊದಲು 26 ರೂಪಾಯಿ ಆಸುಪಾಸು ಸಾಕಿತ್ತು. 2025ರ ಅಕ್ಟೋಬರಿನಿಂದ ದರ ಬದಲಾಗಿದೆ. ಊರೊಳಗಿನದಲ್ಲದ 50 ಗ್ರಾಮಿನ ಸ್ಪೀಡ್ ಪೋಸ್ಟಿಗೆ 47, ರಿಜಿಸ್ಟ್ರೇಶನ್‌ಗೆ 5, ಅದರ ಮೇಲೆ ಜಿಎಸ್‌ಟಿ, ಎಲ್ಲ ಸೇರಿ 61 ದಾಟುತ್ತದೆ. ನಿಮಗೆ ಅದು ವ್ಯಾಪಾರದ ಖರ್ಚು, ಗಿರಾಕಿಯಿಂದ ವಸೂಲಾಗುತ್ತದೆ. ನಮ್ಮಂಥವರು ಸರ್ಕಾರಿ ಕಚೇರಿಗೆ ಒಂದು ತಕರಾರು ಬರೆಯಬೇಕಾದರೆ ಕೈಯಿಂದಲೇ ಕೊಡಬೇಕು. ಹೆಚ್ಚು ದುಡ್ಡು ತೆಗೆದುಕೊಳ್ಳಲಿ, ಬೇಡ ಎನ್ನುವುದಿಲ್ಲ. ಆ ದುಡ್ಡಿನಲ್ಲಿ ನಮ್ಮೂರಿನ ಬಾಗಿಲು ದಿನಾ ತೆಗೆಯುವಷ್ಟು ಜನರನ್ನು ಇಡಲಿ. ಸುಧಾರಣೆ ಎಂದು ಹೇಳಿಕೊಂಡು ದರವನ್ನು ಮೊದಲು, ಜನರನ್ನು ಯಾವಾಗಲೋ ಎಂದರೆ ಆ ಕ್ರಮವನ್ನು ತೀರ್ಮಾನಿಸಿದವರೇ ಹೊಣೆಗಾರರು. ಭಾವನಿಗೂ ಇದನ್ನೇ ಹೇಳಿದ್ದೇನೆ. ಚಿಕ್ಕಪ್ಪನಿಗೂ ಹೇಳಿದ್ದೇನೆ, 2011ರ ನಿಯಮ ಯಾರ ಕಾಲದ್ದು ಅಂತ.

ಸಿದ್ದಾಪುರದವರು ಬರೆದದ್ದು ಮನಸ್ಸಿಗೆ ತಾಗಿತು. ನಮ್ಮೂರಿನಲ್ಲೂ ಅಂಥ ಇಬ್ಬರು ಹಿರಿಯರಿದ್ದಾರೆ. ಅವರ ವಿಷಯ ಜಿಲ್ಲಾಧಿಕಾರಿಗಳಿಗೆ ಬೇರೆ ಮನವಿಯಾಗಿ ಕೊಡುವುದು ಸರಿ ಎನಿಸುತ್ತದೆ. ಅಂಚೆಯ ಅರ್ಜಿಯೊಳಗೆ ಸೇರಿಸಿದರೆ ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಾರೆ.

ಹಳೇ ಬಿಪಿಎಂ ಅಣ್ಣ, ಸೂಪರಿಂಟೆಂಡೆಂಟರಿಗೆ ಕೊಡುವ ಮನವಿಯನ್ನು ನೀವೊಮ್ಮೆ ಓದಿ ತಿದ್ದಿಕೊಟ್ಟರೆ ಉಪಕಾರ. ಆಕೆಯ ಮೇಲೆ ದೂರು ಎಂದು ಯಾರೂ ತಿಳಿಯಬಾರದು, ಆಕೆಗೆ ಜತೆ ಕೊಡಿ ಎಂದೇ ಮೊದಲ ಸಾಲು ಇರಬೇಕು. ಸಂಸದರ ಕಚೇರಿಗೂ ಅದರದೇ ಪ್ರತಿ ಕೊಡುತ್ತೇವೆ.

ನಮ್ಮ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಈ ಮಳೆಗಾಲದಲ್ಲಿ ತಡವಾಗಿ ಬಂದ ಲಕೋಟೆ ಯಾವುದಾದರೂ ಮನೆಯಲ್ಲಿ ಉಳಿದಿದ್ದರೆ ಎಸೆಯಬೇಡಿ. ಹಿಂಭಾಗದ ಎರಡು ಮೊಹರು ಕಾಣುವಂತೆ ಫೋಟೋ ತೆಗೆದು ಇಲ್ಲಿ ಹಾಕಿ, ವಿಳಾಸ ಮಾತ್ರ ಮುಚ್ಚಿ. ಒಂದೇ ಮನೆಯ ಲಕೋಟೆ ಇಟ್ಟರೆ ಅಪರೂಪಕ್ಕೆ ಆದದ್ದು ಎನ್ನುತ್ತಾರೆ. ಕಾಫಿ ಕೊಯ್ಲು ಮುಗಿಯುವ ಮೊದಲೇ ಮನವಿ ಕೊಡಬೇಕೆಂದಿದ್ದೇವೆ. ಸಹಿಯ ಹಾಳೆ ಊರಿನ ಸೊಸೈಟಿಯ ಪಕ್ಕದ ಅಂಗಡಿಯಲ್ಲಿದೆ.